ನನ್ನನ್ನು ಸಂಕದ ಆಚೆ ನಿಲ್ಲಿಸಿದ ಟೀಚರ್

ಟೀಚರ್ ತೀರಿಕೊಂಡು ನಾಡಿದ್ದು ಶುಕ್ರವಾರಕ್ಕೆ ನಲವತ್ತು ದಿನ. ನಮ್ಮ ಬ್ಯಾರಿ ಮುಸ್ಲಿಮರಲ್ಲಿ ನಲವತ್ತಕ್ಕೆ ಒಂದು ಲೆಕ್ಕ ಉಂಟು, ಅವರಲ್ಲಿ ಹದಿಮೂರಕ್ಕೆ. ಹದಿಮೂರನೆಯ ದಿನ ಅವರ ಮನೆಯಲ್ಲಿ ಬೊಜ್ಜದ ಊಟಕ್ಕೆ ನಾನೂ ಹೋಗಿದ್ದೆ. ಬಂದವರಲ್ಲಿ ಹೆಚ್ಚಿನವರು ಕಾಲೇಜಿನವರು, ಅವರ ಹಳೆಯ ವಿದ್ಯಾರ್ಥಿಗಳು. ಒಬ್ಬೊಬ್ಬರೂ ಎದ್ದು ನಿಂತು ಎರಡು ಮಾತು ಆಡಿದರು. ನೀವೂ ಹೇಳಿ ಎಂದು ನನ್ನನ್ನು ಕೇಳಿದರು. ನಾನು ಆಂಬುಲೆನ್ಸ್ ಓಡಿಸುವವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಷ್ಟು ಓದಿದವರ ನಡುವೆ ನನಗೆ ಬಾಯಿ ಬರಲಿಲ್ಲ. ಕೂತು ಬರೆಯುವುದಾದರೆ ನನ್ನಿಂದ ಆಗುತ್ತದೆ. ಬರೆಯುವ ಅಭ್ಯಾಸ ನನಗೆ ಮೊದಲಿನಿಂದ ಇದೆ.

ಅವರು ಬಲ್ಮಠದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಮನೆಯೂ ಅಲ್ಲೇ, ಹಿಂದಿನ ಇಳಿಜಾರು ಓಣಿಯಲ್ಲಿ. ಮದುವೆ ಆಗಿರಲಿಲ್ಲ, ತಂಗಿಯೊಟ್ಟಿಗೆ ಇದ್ದರು. ಎತ್ತರದ ಹೆಂಗಸು. ಗಂಡಸರು ಕಟ್ಟುವಂಥ ದೊಡ್ಡ ವಾಚನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಯಾರಾದರೂ ‘ಹತ್ತಿರ’ ಎಂದರೆ ‘ಎಷ್ಟು ಹತ್ತಿರ?’ ಎಂದು ಕೇಳುವುದು, ‘ಈಗ ಬಂದೆ’ ಎಂದರೆ ‘ಈಗ ಅಂದ್ರೆ ಎಷ್ಟು ನಿಮಿಷ?’ ಎಂದು ಕೇಳುವುದು ಅವರ ಕ್ರಮ. ಓಣಿಯ ಹಾಲಿನವನು ಇದಕ್ಕೇ ಹೆದರಿ ಅವರ ಮನೆಗೆ ಎಲ್ಲರಿಗಿಂತ ಮೊದಲು ಹಾಲು ಹಾಕಿ ಹೋಗುತ್ತಿದ್ದ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಲೆಕ್ಕದ ವಿಷಯ ಬಂದಾಗ ಮಾತ್ರ ಅವರು ಕನ್ನಡಕ್ಕೆ ಬರುತ್ತಿದ್ದರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅವರನ್ನು ನಾನು ಮೊದಲು ನೋಡಿದ್ದು ರಸ್ತೆಯ ಮೇಲೆ. ಕೂಳೂರಿನ ಕಡೆ ಅವರ ವಿದ್ಯಾರ್ಥಿನಿಯೊಬ್ಬಳ ಸ್ಕೂಟರಿಗೆ ಟಿಪ್ಪರ್ ತಾಗಿತ್ತು. ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದ ಟೀಚರ್ ಇಳಿದು ಓಡಿ, ಹುಡುಗಿಯ ಕಾಲನ್ನು ಅವಳದೇ ಶಾಲಿನಿಂದ ಬಿಗಿದು ಕಟ್ಟಿ, ಗಂಟಿನ ಮೇಲೆ ಕೈ ಒತ್ತಿ ಹಿಡಿದು ಕೂತಿದ್ದರು. ನಾನು ಬಲ್ಮಠದಿಂದ ಹೋಗಿ ತಲುಪುವಾಗಲೂ ಹಾಗೆಯೇ ಕೂತಿದ್ದರು. ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ಕೊಟ್ಟ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಬದುಕ್ತಾಳಾ ಎಂದು. ಇವರು ಕೈ ತೊಳೆದು ಬಂದು ಕೇಳಿದ್ದು ಬೇರೆ.

“ನೀವು ಎಲ್ಲಿಂದ ಹೊರಟದ್ದು?”

“ಬಲ್ಮಠದಿಂದ.”

“ನಿಮಗೆ ಫೋನ್ ಬಂದದ್ದು ಎಷ್ಟು ಗಂಟೆಗೆ?”

ನನಗೆ ಸಿಟ್ಟು ಬಂತು. “ಟೀಚರ್, ನಾನು ನಿದ್ದೆ ಮಾಡ್ತಾ ಇರ್ಲಿಲ್ಲ.”

“ನಿಮ್ಮನ್ನು ಹೇಳಿದ್ದಲ್ಲ. ಗಾಡಿ ನಿಲ್ಲಿಸುವ ಜಾಗವನ್ನು ಹೇಳಿದ್ದು.”

ಹುಡುಗಿ ಬದುಕಿದಳು, ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಟೀಚರ್ ಹೇಳಿದ ಮಾತನ್ನೇ ನಾನು ಎಷ್ಟೋ ಸಮಯದಿಂದ ನಮ್ಮ ಸಂಘದವರಿಗೆ ಹೇಳುತ್ತಾ ಬಂದಿದ್ದೆ. ಗಾಡಿ ಸಂಘದ್ದು, ಪೇಟೆಯ ಅಂಗಡಿಯವರೂ ಗಲ್ಫಿನಲ್ಲಿರುವ ಕೆಲವರೂ ಸೇರಿ ತೆಗೆದುಕೊಟ್ಟದ್ದು. ಊರಿನಲ್ಲಿ ಬೇರೆ ಆಂಬುಲೆನ್ಸ್ ಇಲ್ಲವೆಂದಲ್ಲ. ಆದರೆ ನಮ್ಮ ನಂಬರ್ ಗೊತ್ತಿದ್ದವರು ನಮಗೇ ಮಾಡುತ್ತಾರೆ, ದೂರದ ಬಜಪೆಯಿಂದಲೂ ಮಾಡುತ್ತಾರೆ. ಸಂಘದ ಆಫೀಸು ಬಲ್ಮಠದಲ್ಲಿ, ಆದ್ದರಿಂದ ಗಾಡಿಯೂ ಅಲ್ಲಿ. ಬೆಳಿಗ್ಗೆ, ಸಂಜೆ ರಸ್ತೆ ತುಂಬುವ ಹೊತ್ತಿಗಾದರೂ ಬೇರೆ ಕಡೆ ನಿಲ್ಲಿಸುವ ಎಂದರೆ ಸೆಕ್ರೆಟರಿ ಕೇಳುತ್ತಿದ್ದರು, “ಎಲ್ಲಿ ಅಂತ ನೀನು ಹೇಗೆ ಹೇಳ್ತಿ ಮಾರಾಯ? ನಿನ್ನ ಬಾಯಿಮಾತಿಗೆ ಗಾಡಿ ಕಳಿಸ್ಲಿಕ್ಕೆ ಆಗ್ತದಾ?”

ಬಾಯಿಮಾತಲ್ಲ, ನನ್ನಲ್ಲಿ ಡೈರಿಗಳಿದ್ದವು. ಸೌದಿಯಲ್ಲಿ ಟ್ರೈಲರ್ ಓಡಿಸುವಾಗ ಹತ್ತಿದ ಅಭ್ಯಾಸ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಜಾಗ, ಯಾವ ಆಸ್ಪತ್ರೆ. ಒಂದು ದಿನವೂ ತಪ್ಪಿಸಿದವನಲ್ಲ. ಜ್ವರ ಬಂದ ದಿನ ‘ಜ್ವರ’ ಎಂದು ಬರೆದಿದ್ದೇನೆ. ಹುಡುಗಿಯನ್ನು ನೋಡಲು ಆಸ್ಪತ್ರೆಗೆ ಬಂದಿದ್ದ ಟೀಚರಿಗೆ ಅವನ್ನು ಕೊಟ್ಟಾಗ ಅವರು ಕೂತ ಬೆಂಚಿನಲ್ಲೇ ಒಂದು ಡೈರಿಯನ್ನು ಮೊದಲಿನಿಂದ ಕೊನೆಯ ತನಕ ಓದಿದರು. ಮುಗಿಸಿ, “ನನ್ನ ಎಂ.ಎಸ್ಸಿ. ಮಕ್ಕಳು ಇಷ್ಟು ನೀಟಾಗಿ ಬರೆಯುದಿಲ್ಲ” ಎಂದರು. ಆ ಮಾತನ್ನು ನಾನು ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ, ಗ್ಯಾರೇಜಿನಲ್ಲಿ ಎಲ್ಲ ಕಡೆ ಹೇಳಿಕೊಂಡು ತಿರುಗಿದೆ. ಮುಂದೆ ಆದದ್ದಕ್ಕೆ ಬೀಜ ಬಿದ್ದದ್ದು ಅಲ್ಲಿಯೇ ಎಂದು ಈಗ ಅನಿಸುತ್ತದೆ.

ಡೈರಿಯಲ್ಲಿದ್ದ ಜಾಗಗಳನ್ನೆಲ್ಲ ಅವರು ಕಂಪ್ಯೂಟರಿನ ನಕ್ಷೆಗೆ ಏರಿಸಿದರು. ಒಂದು ಸಂಜೆ ಸಂಘದ ಅಂಗಳಕ್ಕೆ ಬಂದರು. ಸೆಕ್ರೆಟರಿ ಇದ್ದರು. “ಎಲ್ಲಾ ಜಾಗದ ಸರಾಸರಿ ತೆಗೆದ್ರೆ ಆಯ್ತಲ್ಲ ಟೀಚರ್, ಅಷ್ಟಕ್ಕೆ ಇಷ್ಟೆಲ್ಲ ಎಂತಕ್ಕೆ?” ಎಂದರು.

“ತೆಗೆದೆ. ಹೊಳೆಯಲ್ಲಿ ಬಂತು.”

“ಎಲ್ಲಿ?”

“ಗುರುಪುರ ಹೊಳೆಯ ನಡುನೀರಿನಲ್ಲಿ. ಕೆಲವು ಬಿಂದು ಬಲ್ಮಠದಲ್ಲಿ, ಕೆಲವು ಕೂಳೂರಿನಲ್ಲಿ, ಕೆಲವು ಬಜಪೆಯಲ್ಲಿ. ಎಲ್ಲದರ ನಡು ಅಂದ್ರೆ ಹೊಳೆ. ಸಂಘದವರು ಒಂದು ದೋಣಿ ತೆಗೆದುಕೊಟ್ರೆ ಹಮೀದ್ರು ಅಲ್ಲಿ ನಿಲ್ತಾರೆ” ಎಂದು ನನ್ನ ಕಡೆ ಕೈ ತೋರಿಸಿದರು.

ಆಮೇಲೆ ಸೀರೆ ಸೆರಗು ಸಿಕ್ಕಿಸಿ, ಅಂಗಳದಲ್ಲಿ ಗಾರೆ ಕೆಲಸಕ್ಕೆ ತಂದು ಹಾಕಿದ್ದ ಹೊಯಿಗೆಯ, ಅಂದರೆ ಮರಳಿನ, ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ನೆಲದಲ್ಲಿ ಹೆದ್ದಾರಿಯ ಗೆರೆ ಎಳೆದರು. “ಒಂದೊಂದು ಅಪಘಾತದ ಜಾಗದಲ್ಲಿ ಒಂದೊಂದು ಮುಷ್ಟಿ ಹೊಯಿಗೆ ಸುರಿಯಿರಿ. ಒಂಟಿಯಾಗಿ ಬಿದ್ದದ್ದು ಸಣ್ಣ ಗುಡ್ಡೆಯಾಗಿ ಉಳೀತದೆ. ಹತ್ತಿರ ಹತ್ತಿರ ಬಿದ್ದದ್ದು ಒಂದರ ಮೇಲೆ ಒಂದು ಏರ್ತದೆ. ಎಲ್ಲದಕ್ಕಿಂತ ಎತ್ತರದ ತಲೆ ಎಲ್ಲಿ ಉಂಟೋ ಅಲ್ಲಿ ಗಾಡಿ.”

“ಅದು ಕಣ್ಣಿಗೇ ಕಾಣ್ತದಲ್ಲ” ಎಂದೆ.

“ನಿಮಗೆ ಕಾಣ್ತದೆ. ಕಂಪ್ಯೂಟರ್ ಕುರುಡ, ಹಮೀದ್ರೇ. ತಾನು ನಿಂತಲ್ಲಿ ಎತ್ತರ ಎಷ್ಟು, ಅಷ್ಟೇ ಅದಕ್ಕೆ ಗೊತ್ತಾಗುದು. ಹಾಗಾಗಿ ಕೋಡ್ ಬರೆಯುವಾಗ ಅದಕ್ಕೆ ಗುಡ್ಡೆ ಹತ್ತಲಿಕ್ಕೆ ಕಲಿಸ್ಬೇಕು. ಕಾಲು ಚಾಚಿ ನೋಡು, ಎತ್ತರ ಇದ್ದ ಕಡೆಗೆ ಒಂದು ಹೆಜ್ಜೆ ಇಡು. ಪುನಃ ನೋಡು, ಪುನಃ ಇಡು. ಸುತ್ತಲೂ ತಗ್ಗು ಬಂದ್ರೆ ನಿಲ್ಲು. ಆದರೆ ಒಬ್ಬನನ್ನೇ ಕಳಿಸಿದ್ರೆ ಅವ ಹತ್ತಿರದ ಸಣ್ಣ ಗುಡ್ಡೆ ಹತ್ತಿ, ಇದೇ ದೊಡ್ಡದು ಅಂತ ನಿಂತುಬಿಡ್ತಾನೆ. ಅದಕ್ಕೆ ಪ್ರತಿಯೊಂದು ಬಿಂದುವಿನಿಂದಲೂ ಒಬ್ಬೊಬ್ಬನನ್ನು ಹೊರಡಿಸುದು. ಎಲ್ಲರೂ ಹತ್ತಿ ನಿಂತ ಮೇಲೆ ಯಾರು ಹೆಚ್ಚು ಎತ್ತರದಲ್ಲಿ ಇದ್ದಾನೆ ಅಂತ ಕೇಳುದು.”

ಸಣ್ಣ ಗುಡ್ಡೆ ಹತ್ತಿ ನಿಂತವರನ್ನು ನಾನು ಸಂಘದಲ್ಲೂ ನೋಡಿದ್ದೇನೆ ಎಂದೆ. ಟೀಚರ್ ನಗಲಿಲ್ಲ, ವಾಚು ನೋಡಿದರು. ಅದು ಅವರು ನಗುವ ಕ್ರಮ ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಉತ್ತರ ಬಂದಾಗ ಪರದೆಯ ಮೇಲೆ ಗುಡ್ಡೆ ಇರಲಿಲ್ಲ, ಸೂಜಿ ಇತ್ತು. ಕೂಳೂರು ಸಂಕದ ಮೇಲೆ, ಸರಿಯಾಗಿ ಸೇತುವೆಯ ನಡುವಿಗೆ, ಚುಚ್ಚಿ ನಿಲ್ಲಿಸಿದ ಹಾಗೆ. ಟೀಚರ್ ಅದನ್ನು ತುಂಬ ಹೊತ್ತು ನೋಡಿದರು. ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದು, ಕೇಳಲಿಲ್ಲ. ನಾನು ಆಗಲೇ ಸೆಕ್ರೆಟರಿಯವರಿಗೆ, “ನಾನು ಹೇಳಿದ್ದು ಬಾಯಿಮಾತಾ ಈಗ?” ಎಂದು ಹೇಳುತ್ತಿದ್ದೆ.

ಸಂಘ ಒಪ್ಪಿತು. ಸಂಕದ ಮೇಲೆ ನಿಲ್ಲಿಸಲು ಆಗುವುದಿಲ್ಲವಲ್ಲ, ಬಲ್ಮಠದ, ಪೇಟೆಯ ಬದಿಗೆ, ಸಂಕಕ್ಕಿಂತ ಸ್ವಲ್ಪ ಈಚೆ ಒಂದು ಜಾಗ ನೋಡಿದೆವು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು ನಾನು ಅಲ್ಲಿ.

ಎರಡನೆಯ ತಿಂಗಳಲ್ಲಿ ಒಂದು ಸಂಜೆ ಫೋನ್ ಬಂತು. ಬೈಕಿಗೆ ಲಾರಿ ಹೊಡೆದಿದೆ, ಬೇಗ ಬನ್ನಿ. ಎಲ್ಲಿ ಎಂದೆ. ಕೂಳೂರು ಸಂಕದ ಹತ್ತಿರ ಎಂದರು. ನಾನು ಅಲ್ಲೇ ನಿಂತಿದ್ದೇನೆ. ಇಳಿದು ನೋಡಿದರೆ ಎರಡು ಬದಿಯಲ್ಲೂ ಏನೂ ಇಲ್ಲ. ಪುನಃ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಸಂಕ ಜಾಮ್ ಆಗಿತ್ತು. ಸೈರನ್ ಹಾಕಿ ಹೊಡೆದುಕೊಂಡರೂ ಜನ ಎಲ್ಲಿಗೆ ಸರಿಯುತ್ತಾರೆ, ಕೆಳಗೆ ನೀರು. ದಾಟಿ ಆಚೆ ಹೋಗಿ, ಇನ್ನೂ ಮುಂದೆ ಹೋಗಿ, ಡಿವೈಡರ್ ತೆರೆದು ಗಾಡಿಗಳು ತಿರುಗುವ ಜಾಗದಲ್ಲಿ ಜನ ಸೇರಿದ್ದು ಕಂಡಿತು. ಬೈಕಿನವನಿಗೆ ನನ್ನ ಮಗನ ಪ್ರಾಯ. ನಾನು ಸ್ಟ್ರೆಚರ್ ಇಳಿಸುವಾಗ ಒಬ್ಬರು ಹೆಗಲು ಮುಟ್ಟಿ, “ಇನ್ನು ಅರ್ಜೆಂಟ್ ಇಲ್ಲ ಬ್ಯಾರಿ” ಎಂದರು.

ಮರುದಿನ ಬೆಳಿಗ್ಗೆ ಟೀಚರ್ ಬಂದರು. ಗಾಡಿಯ ಬಾಗಿಲ ಹತ್ತಿರ ನಿಂತು ಕೇಳಿದರು, “ಹಮೀದ್ರೇ, ಡೈರಿಯಲ್ಲಿ ಕೂಳೂರು ಸಂಕ ಅಂತ ಇಷ್ಟು ಸಲ ಬರೆದಿದ್ದೀರಲ್ಲ. ಬರೆಯುವಾಗ ನೀವು ಸಂಕದ ಮೇಲೆ ಇದ್ರಾ?”

“ಎಂತ ಟೀಚರ್ ಹಾಗೆ ಅಂದ್ರೆ? ನನ್ನ ಡೈರಿ ಸುಳ್ಳು ಅಂತಲಾ?”

“ಕೇಳಿದ್ದಕ್ಕೆ ಉತ್ತರ ಹೇಳಿ.”

“ಹದಿನಾಲ್ಕು ವರ್ಷ ಅರಬಿ ಹತ್ತಿರ ಒಂದು ಮಾತು ಕೇಳಿಸ್ಕೊಳ್ಳದೆ ಕೆಲಸ ಮಾಡಿದವ ನಾನು. ಓದಿಲ್ಲ ಅಂತ ಹೇಳಿ ತಪ್ಪನ್ನು ನನ್ನ ತಲೆಗೆ ಕಟ್ಟುದು ಬೇಡ.”

ಅವರು ಹೊರಟು ಹೋದರು. ಎರಡು ವಾರ ನಾನು ಅವರ ಫೋನ್ ಎತ್ತಲಿಲ್ಲ. ಆದರೆ ಅವರ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಮ್ಮ ಊರಿನಲ್ಲಿ ಯಾರೂ ಇರುವ ಜಾಗ ಹೇಳುವುದಿಲ್ಲ. ಸಂಕ, ಸರ್ಕಲ್, ಇಗರ್ಜಿ, ಮಸೀದಿ, ಯಾವುದು ಎಲ್ಲರಿಗೂ ಗೊತ್ತೋ ಅದರ ‘ಹತ್ತಿರ’ ಎನ್ನುತ್ತಾರೆ. ಹೊಳೆಯ ಈಚೆ ಅರ್ಧ ಮೈಲು, ಆಚೆ ಒಂದು ಮೈಲು, ಎಲ್ಲವೂ ಕೂಳೂರು ಸಂಕ. ಫೋನಿನಲ್ಲಿ ಅವರು ಹೇಳಿದ್ದನ್ನೇ ನಾನು ಡೈರಿಯಲ್ಲಿ ಬರೆಯುತ್ತಿದ್ದೆ. ಹೋಗಿ ಮುಟ್ಟಿದ ಮೇಲೆ ನಿಜವಾದ ಜಾಗ ಯಾವುದೆಂದು ನನ್ನ ಕಣ್ಣೆದುರೇ ಇರುತ್ತಿತ್ತು, ಆದರೂ ಬರೆದ ಹೆಸರನ್ನು ತಿದ್ದುತ್ತಿರಲಿಲ್ಲ. ತಿದ್ದಿದರೆ ಡೈರಿ ಚಂದ ಕಾಣುವುದಿಲ್ಲ. ಅಷ್ಟೂ ಮುಷ್ಟಿ ಹೊಯಿಗೆ ಒಂದೇ ಹೆಸರಿನ ಮೇಲೆ ಬಿದ್ದಿತ್ತು.

ಹದಿನೈದನೆಯ ದಿನ ಅವರ ಮನೆಗೆ ಹೋದೆ. ತಂಗಿ ಬನ್ಸ್, ಚಾ ತಂದಿಟ್ಟರು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತನ್ನು ಟೀಚರ್ ಮುಗಿಸಲು ಬಿಡಲಿಲ್ಲ.

“ತಪ್ಪು ನನ್ನದು. ಸೂಜಿ ನೋಡಿದ ಕೂಡಲೇ ನನಗೆ ಸಂಶಯ ಬಂದಿತ್ತು. ಮನುಷ್ಯರು ಒಂದೇ ಚುಕ್ಕೆಯಲ್ಲಿ ಬೀಳುದಿಲ್ಲ, ಅಲ್ಲಿ ಇಲ್ಲಿ ಬೀಳ್ತಾರೆ. ಅಷ್ಟು ಚೂಪು ಇದ್ರೆ ಅದು ಹೆಸರಿನ ತಲೆ, ಜಾಗದ ತಲೆ ಅಲ್ಲ. ಕಾಲೇಜಿನ ಮಕ್ಕಳಾದ್ರೆ ಅಲ್ಲೇ ನಿಲ್ಲಿಸಿ ಕೇಳ್ತಿದ್ದೆ. ನಿಮ್ಮನ್ನು ಕೇಳಲಿಲ್ಲ.”

“ಎಂತಕ್ಕೆ ಕೇಳಲಿಲ್ಲ?”

“ನಿಮಗೆ ಬೇಜಾರಾಗ್ತದೆ ಅಂತ.”

ನಾನು ಚಾ ಕೆಳಗಿಟ್ಟೆ. ನನ್ನ ಮರ್ಯಾದೆಗೆ ಯಾರೂ ಕೈ ಹಾಕಬಾರದು ಎಂದು ಬದುಕಿದವನು ನಾನು. ಆ ಮರ್ಯಾದೆಯನ್ನು ಕಾಯಲು ಹೋಗಿ ಒಂದು ಪ್ರಶ್ನೆ ನಿಂತುಹೋಯಿತು, ಗಾಡಿ ಹೊಳೆಯ ಈಚೆ ಉಳಿಯಿತು.

ಆಮೇಲಿನ ಆದಿತ್ಯವಾರಗಳಲ್ಲಿ ಅವರ ಸಣ್ಣ ಕಾರನ್ನು ನಾನೇ ಓಡಿಸಿಕೊಂಡು ಡೈರಿಯ ಒಂದೊಂದು ಜಾಗಕ್ಕೂ ಹೋದೆವು. ನನಗೆ ಗಾಯಗೊಂಡವರ ಹೆಸರು ನೆನಪಿರಲಿಲ್ಲ, ಮುಖವೂ ಇಲ್ಲ. ಆದರೆ ಗಾಡಿ ಎಲ್ಲಿ ನಿಲ್ಲಿಸಿದೆ, ಸ್ಟ್ರೆಚರನ್ನು ಯಾವ ಬದಿಗೆ ಇಳಿಸಿದೆ ಎಂಬುದು ಒಂದೂ ಮರೆತಿರಲಿಲ್ಲ. ಈ ಗುಜರಿ ಅಂಗಡಿಯ ಎದುರು, ಆ ಕಲ್ವರ್ಟಿನ ಮೇಲೆ, ಈ ಮರದ ಬುಡ. ಜಾಗದ ಗುರುತು ತೆಗೆಯಲು ಕಾರಿನಲ್ಲಿ ಕೂತೇ ಫೋನ್ ಹಿಡಿದರೆ ಸಾಕಿತ್ತು. ಟೀಚರ್ ಕಾರಿನಿಂದ ಇಳಿದು ಅದೇ ಜಾಗದಲ್ಲಿ ಹೋಗಿ ನಿಲ್ಲುತ್ತಿದ್ದರು. ಬಿಸಿಲು, ಲಾರಿಯ ಧೂಳು. ಕೂತಲ್ಲಿಂದಲೇ ಆಗ್ತದಲ್ಲ ಎಂದು ಒಮ್ಮೆ ಕೇಳಿದೆ. “ಒಬ್ಬ ಮನುಷ್ಯನನ್ನು ಬಿಂದು ಅಂತ ಹಾಕ್ತೇನೆ. ಒಮ್ಮೆ ನಿಂತಾದ್ರೂ ಹಾಕುವ” ಎಂದರು.

ಈ ಸಲ ಸೂಜಿ ಬರಲಿಲ್ಲ, ನಿಜವಾದ ಗುಡ್ಡೆ ಬಂತು. ಮುಷ್ಟಿಯ ಹೊಯಿಗೆ ಎಷ್ಟು ಅಗಲಕ್ಕೆ ಹರಡಬೇಕು ಎಂಬುದರ ಮೇಲೆ ಎಲ್ಲ ನಿಂತಿದೆ ಎಂದು ಅವರು ಮಾಡಿ ತೋರಿಸಿದರು. ತೀರಾ ಕಿರಿದು ಮಾಡಿದರೆ ಮನೆಗೊಂದರಂತೆ ಗುಡ್ಡೆ. ತೀರಾ ಅಗಲ ಮಾಡಿದರೆ ಊರಿಗೆಲ್ಲ ಒಂದೇ ಗುಡ್ಡೆ, ಅದರ ತಲೆ ಪುನಃ ಹೊಳೆಗೆ ಹೋಗುತ್ತದೆ. ಎಷ್ಟು ಅಗಲ ಸರಿ ಎಂದು ಅವರು ಪುಸ್ತಕ ನೋಡಲಿಲ್ಲ, ನನ್ನನ್ನು ಕೇಳಿದರು. “ಮೂರು ನಿಮಿಷದಲ್ಲಿ ನೀವು ಎಷ್ಟು ದೂರ ಮುಟ್ತೀರಿ?” ನಾನು ಹೇಳಿದೆ. ಅದನ್ನೇ ಹಾಕಿದರು. ತಲೆ ಸಂಕದ ಆಚೆ, ಡಿವೈಡರ್ ತೆರೆದ ಆ ಜಾಗದಿಂದ ಒಂದು ಕೂಗಿನಷ್ಟು ದೂರ, ಪಂಕ್ಚರ್ ಅಂಗಡಿಯೊಂದರ ಮಗ್ಗುಲಲ್ಲಿ ನಿಂತಿತು. ಬಲ್ಮಠದಲ್ಲೂ ಒಂದು ತಲೆ ಇತ್ತು, ಗಿಡ್ಡದು.

ಸಂಘದ ಮೀಟಿಂಗಿನಲ್ಲಿ ಸೆಕ್ರೆಟರಿ ಸುಮ್ಮನೆ ಬಿಡಲಿಲ್ಲ. “ಮೊನ್ನೆ ಈಚೆ ಅಂದ್ರಿ, ಇವತ್ತು ಆಚೆ ಅಂತೀರಿ. ನಾಳೆ ಎಲ್ಲಿ ಟೀಚರ್, ಉಡುಪಿಯಾ?” ಎಲ್ಲರೂ ನಕ್ಕರು.

ಟೀಚರ್ ಎದ್ದು, ಮೊದಲಿನದು ತನ್ನ ತಪ್ಪು, ಕೇಳಬೇಕಾದ್ದನ್ನು ಕೇಳಲಿಲ್ಲ ಎಂದರು. ಅಷ್ಟಕ್ಕೆ ಮುಗಿಯುತ್ತಿತ್ತು. ನನಗೆ ಕೂರಲು ಆಗಲಿಲ್ಲ. ಎದ್ದೆ. “ಡೈರಿಯಲ್ಲಿ ಜಾಗ ತಪ್ಪು ಬರೆದದ್ದು ನಾನು” ಎಂದೆ. ನನ್ನ ಬದುಕಿನಲ್ಲಿ ನಾಲ್ಕು ಜನರ ಎದುರು ಅಂಥ ಮಾತು ಆಡಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಬಲ್ಮಠದ ಅಂಗಡಿಯವರೊಬ್ಬರು ಕೇಳಿದರು, “ಗಾಡಿ ಹೊಳೆ ದಾಟಿ ಹೋದ್ರೆ ಇಲ್ಲಿಯವರಿಗೆ ಎಂತಾದ್ರೂ ಆದ್ರೆ?”

“ತಡ ಆಗ್ತದೆ” ಎಂದರು ಟೀಚರ್. ಅದಕ್ಕೆ ಬೇರೆ ಸಮಾಧಾನ ಸೇರಿಸಲಿಲ್ಲ.

ಆಮೇಲೆ ನನಗೆ ಆ ಕೋಡ್ ಓಡಿಸಲು ಕಲಿಸಿದರು. ತಿಂಗಳಿಗೊಮ್ಮೆ ಹೊಸ ಜಾಗಗಳನ್ನು ಸೇರಿಸಿ, ತಲೆ ಸರಿದಿದೆಯಾ ಎಂದು ನೋಡಬೇಕು. “ಈ ಮೂರು ಸಾಲು ನಿಮ್ಮದು, ಉಳಿದದ್ದು ನನ್ನದು. ನನ್ನದನ್ನು ಮುಟ್ಟಬೇಡಿ, ನಿಮ್ಮದನ್ನು ನಾನು ಮುಟ್ಟುದಿಲ್ಲ” ಎಂದರು. ನನ್ನ ಮೂರು ಸಾಲಿನಲ್ಲಿ ಒಂದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಹೊಯಿಗೆ ಎಂದೇ ಹೆಸರಿಟ್ಟಿದ್ದರು. ಒಂದು ಸಲ ನಾನು ಅಂಕಿ ತಪ್ಪಿ ಹಾಕಿ, ತಲೆ ಅರಬಿ ಸಮುದ್ರದಲ್ಲಿ ಬಂತು. ಫೋನ್ ಮಾಡಿದೆ. “ಸೌದಿಗೆ ಪುನಃ ಹೋಗುವ ಮನಸ್ಸುಂಟಾ?” ಎಂದರು. ಸಂಕದ ಆಚೆ ನಿಂತ ಮೂರು ವರ್ಷದಲ್ಲಿ ಎಷ್ಟು ಜನರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆ ಎಂದು ಇಲ್ಲಿ ಬರೆದರೆ ಜಂಬ ಆಗುತ್ತದೆ. ಅದು ಕೂಳೂರಿನವರಿಗೆ ಗೊತ್ತಿದೆ.

ರಿಟೈರ್ ಆದ ಮೇಲೆ ಟೀಚರ್ ಆಗಾಗ ಸಂಜೆ ಫೋನ್ ಮಾಡುತ್ತಿದ್ದರು. ಎಲ್ಲಿದ್ದೀರಿ, ಟ್ರಾಫಿಕ್ ಹೇಗುಂಟು, ಅಷ್ಟೇ. ಹಾಗಾಗಿ ಆ ದಿನ ಆರು ಗಂಟೆಗೆ ಫೋನ್ ಬಂದಾಗ ನನಗೆ ವಿಶೇಷ ಅನಿಸಲಿಲ್ಲ. ಮೊದಲು ತಂಗಿಯ ಸ್ವರ ಕೇಳಿತು. “ಹಮೀದ್ರೇ, ಅಕ್ಕನಿಗೆ” ಎನ್ನುವಷ್ಟರಲ್ಲಿ ಫೋನ್ ಕೈ ಬದಲಾಯಿತು.

“ಎಲ್ಲಿದ್ದೀರಿ?”

“ಸಂಕದ ಆಚೆ ಟೀಚರ್. ನಮ್ಮ ಜಾಗದಲ್ಲೇ.”

“ಟ್ರಾಫಿಕ್?”

“ಫುಲ್ ಬ್ಲಾಕ್ ಉಂಟು. ಸಂಕದ ಮೇಲೆ ಹಂದಾಡುದಿಲ್ಲ.”

ಅವರ ಏದುಸಿರು ಕೇಳಿತು. ಓಣಿಯ ಏರು ಹತ್ತಿ ಬಂದಿರಬೇಕು ಎಂದುಕೊಂಡೆ.

“ಸರಿ. ಅಲ್ಲೇ ಇರಿ.”

“ಅಕ್ಕನಿಗೆ ಅಂತ ಎಂತದೋ ಹೇಳಿದ್ರಲ್ಲ ಅವರು?”

“ಎಂತ ಇಲ್ಲ. ನೀವು ಅಲ್ಲೇ ಇರಿ.”

ನಾನು ಇದ್ದೆ. ಅವರಿಗೆ ಮಧ್ಯಾಹ್ನದಿಂದ ಎದೆ ನೋವು ಇತ್ತು. ತಂಗಿ ಬೇರೆ ಆಂಬುಲೆನ್ಸಿಗೆ ಮಾಡಿದರೆ ಅದು ಬೇರೆ ಕಡೆ ಹೋಗಿತ್ತು. ಆಟೋ ಹಿಡಿದರು. ಆಸ್ಪತ್ರೆಯ ಗೇಟಿನ ಒಳಗೆ ಆಟೋ ತಿರುಗುವಾಗ ಟೀಚರ್ ತಂಗಿಯ ಹೆಗಲಿಗೆ ಒರಗಿದ್ದರಂತೆ, ಇಳಿಸುವಾಗ ಜೀವ ಇರಲಿಲ್ಲ. ಆ ಬ್ಲಾಕಿನಲ್ಲಿ ನಾನು ಹೊರಟಿದ್ದರೂ ಆಟೋದ ಮೊದಲು ಮುಟ್ಟುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಗಾಡಿಯಲ್ಲಿ ಆಕ್ಸಿಜನ್ ಇತ್ತು ಎಂದು ನಾನು ಯಾರಿಗೂ ಹೇಳಿಲ್ಲ.

ಬೊಜ್ಜದ ದಿನ ಊಟ ಮುಗಿದ ಮೇಲೆ ತಂಗಿ ನನ್ನನ್ನು ಹಿಂದಿನ ಜಗಲಿಗೆ ಕರೆದರು. “ನೀವು ಬರುದು ಬೇಡ ಅಂತ ಅಕ್ಕನೇ ಹೇಳಿದ್ದು. ಹಮೀದ್ರನ್ನು ಅಲ್ಲಿಂದ ಎಬ್ಬಿಸಿದ್ರೆ ಅಲ್ಲಿ ಯಾರಿರ್ತಾರೆ ಅಂತ ಕೇಳಿದ್ಲು. ನನಗೆ ಒಂದು ಗೊತ್ತಾಗ್ಬೇಕು ಹಮೀದ್ರೇ. ಆ ಹೊತ್ತಿಗೆ ಅಲ್ಲಿ ಯಾರಿಗಾದ್ರೂ ಉಪಕಾರ ಆಯ್ತಾ?”

ಅವರ ಮುಖ ನೋಡಿ ನಾನು ಆಯ್ತು ಎಂದೆ. ಒಬ್ಬರನ್ನು ಮುಟ್ಟಿಸಿದೆ, ಬದುಕಿದರು ಎಂದೆ. ಅವರು ಕಣ್ಣು ಒರೆಸಿಕೊಂಡು, ಹಾಗಾದ್ರೆ ಸರಿ ಎಂದು ಒಳಗೆ ಹೋದರು.

ಅವರಿಗೆ ಬೇಜಾರಾಗುತ್ತದೆ ಎಂದು ಹೇಳಿದ ಮಾತು ಅದು. ಹಾಗೆ ಬಿಡಲು ನನ್ನಿಂದ ಆಗುತ್ತಿಲ್ಲ. ಇದು ಅಚ್ಚಾದರೆ ತಂಗಿಯವರೂ ಓದುತ್ತಾರೆ, ಅವರಿಗೆ ನೋವಾಗಬಹುದು. ನಾನು ಹೋಗಿ ಎದುರು ಕೂರುತ್ತೇನೆ, ಎಂತ ಹೇಳುತ್ತಾರೋ ಹೇಳಲಿ. ಆ ಸಂಜೆ ಎಂಟು ಗಂಟೆಯ ತನಕ ನಾನು ಸಂಕದ ಆಚೆ ನಿಂತಿದ್ದೆ. ಟೀಚರದ್ದು ಬಿಟ್ಟರೆ ಬೇರೆ ಒಂದು ಫೋನೂ ಬರಲಿಲ್ಲ.